ಸಿನಿಮಾ ಲೋಕದ ಕಾದಂಬರಿಗಳು ಲೆಕ್ಕಕ್ಕೆ ಬರುತ್ತವೆಯೇ?

ಸಿನಿಮಾದ ಕಥಾಲೋಕವನ್ನು ಇಟ್ಟುಕೊಂಡು ಬರೆದ ವೈಜ್ಞಾನಿಕ ಕಾದಂಬರಿಗಳ ಘಟನೆಗಳನ್ನು ಅಂತರ್ಜಾಲದ ಅಭಿಮಾನಿಗಳು ಏಕೆ ಒಪ್ಪುವುದಿಲ್ಲ ಎಂದು ಕೇಳಿದ್ದೀರಿ. ಯಾರೂ ಬರೆದಿಡದ ನಿಯಮವೊಂದಿದೆ: ತೆರೆಯ ಮೇಲೆ ಕಂಡದ್ದು ಮೊದಲು, ಪುಸ್ತಕ ಆಮೇಲೆ. ಎರಡೂ ತಾಳೆಯಾಗದಿದ್ದರೆ ಸೋಲುವುದು ಪುಸ್ತಕವೇ.

ಬಾಹ್ಯಾಕಾಶದ ಕಥೆ ಹೇಳುವ ಹಾಲಿವುಡ್ ಚಿತ್ರಸರಣಿ ಸ್ಟಾರ್ ವಾರ್ಸ್ ನೋಡಿ. ಅದರ ಮೊದಲ ಕಾದಂಬರಿ 1976ರ ಕೊನೆಯಲ್ಲಿ, ಚಿತ್ರಕ್ಕಿಂತ ತಿಂಗಳುಗಳ ಮೊದಲೇ ಬಂತು. ಮುಖಪುಟದಲ್ಲಿ ನಿರ್ದೇಶಕ ಜಾರ್ಜ್ ಲ್ಯೂಕಾಸ್ ಹೆಸರಿತ್ತು. ಬರೆದವರು ಅಲನ್ ಡೀನ್ ಫಾಸ್ಟರ್. 2014ರಲ್ಲಿ ಆ ಚಿತ್ರಗಳನ್ನು ತಯಾರಿಸುವ ಲ್ಯೂಕಾಸ್‌ಫಿಲ್ಮ್ ಸಂಸ್ಥೆ ಹಳೆಯ ಕಾದಂಬರಿಗಳಲ್ಲಿ ಹೆಚ್ಚಿನವನ್ನು 'ಲೆಜೆಂಡ್ಸ್' (ದಂತಕಥೆಗಳು) ಎಂಬ ಹೆಸರಿನಡಿ ಅಧಿಕೃತ ಕಥೆಯಿಂದ ಬದಿಗಿಟ್ಟಿತು. ಆದರೆ ಆ ಕಥಾಲೋಕದ ರಾಜಧಾನಿಯಾದ ಗ್ರಹದ 'ಕೊರಸಾಂಟ್' ಎಂಬ ಹೆಸರು ಹುಟ್ಟಿದ್ದೇ 1991ರಲ್ಲಿ ಟಿಮೊಥಿ ಝಾನ್ ಬರೆದ ಕಾದಂಬರಿಯಲ್ಲಿ. 1999ರ ಚಿತ್ರ ಅದನ್ನೇ ಬಳಸಿಕೊಂಡಿತು.

ಆ ಕಾದಂಬರಿಯನ್ನು ನಾನು ಓದಿದ್ದು ಮಡಿಕೇರಿಯ ಜುಲೈ ಮಳೆಯಲ್ಲಿ, ಮೂರು ದಿನ ಕರೆಂಟ್ ಇಲ್ಲದಾಗ. ಪುಟಗಳು ತೇವಕ್ಕೆ ಉಬ್ಬಿ, ಅಂಚಿಗೆ ಬೂಷ್ಟು ಹಿಡಿದಿತ್ತು. ಒಲೆಯ ಪಕ್ಕದಲ್ಲಿಟ್ಟು ಒಣಗಿಸುತ್ತ ಓದಿದೆ. ಅಂಥ ಪುಸ್ತಕವನ್ನು ಯಾರಾದರೂ 'ಲೆಕ್ಕಕ್ಕಿಲ್ಲ' ಎಂದರೆ ನನಗೆ ನಿಜಕ್ಕೂ ನೋವಾಗುತ್ತದೆ.

ನೀವು ಅಂತರ್ಜಾಲದಲ್ಲಿ ಇಂಥ ಕಥೆಗಳ ಬಗ್ಗೆ ಬರೆಯುವಾಗ 'ಕಾದಂಬರಿಯ ಪ್ರಕಾರ' ಎಂದು ಮೊದಲೇ ಸೇರಿಸಿ, ಅರ್ಧ ಜಗಳ ಅಲ್ಲಿಗೇ ನಿಲ್ಲುತ್ತದೆ. ಕಥೆಯ ಕೊನೆಯನ್ನಂತೂ ಎಚ್ಚರಿಕೆ ಕೊಡದೆ ಹೇಳಲೇಬೇಡಿ. ಮೈಸೂರಿನಿಂದ ಬಸ್ಸಿನಲ್ಲಿ ಪುಸ್ತಕ ತರಿಸಿಕೊಳ್ಳುವ ನಮ್ಮಂಥವರು ಇನ್ನೂ ಮೊದಲ ಅಧ್ಯಾಯದಲ್ಲೇ ಇರುತ್ತೇವೆ.