ಓದುಗರ ಪ್ರಶ್ನೆ: ಬ್ರೌನಿಗೆ ಮೈಸೂರು ಪಾಕಿನ ಅವಸರ ಬೇಡ

ಪ್ರಶ್ನೆ: ಮಗಳ ಹುಟ್ಟುಹಬ್ಬಕ್ಕೆಂದು ಮನೆಯ ಓಟಿಜಿಯಲ್ಲಿ (ಮೇಜಿನ ಮೇಲಿಡುವ ಸಣ್ಣ ವಿದ್ಯುತ್ ಓವನ್) ಬ್ರೌನಿ ಮಾಡಿದ್ದೆ. 25 ನಿಮಿಷವಾದ ಮೇಲೆ ಕಡ್ಡಿ ಚುಚ್ಚಿದರೆ ಇನ್ನೂ ಅಂಟುತ್ತಿತ್ತು. ಅದಕ್ಕೆ ಮತ್ತೆ 15 ನಿಮಿಷ ಇಟ್ಟು, ತೆಗೆದ ಕೂಡಲೇ ಕತ್ತರಿಸಿದೆ. ನಡುವಿನ ತುಂಡುಗಳೆಲ್ಲ ಮುರಿದುಹೋದವು, ಅಂಚಿನವು ಮರುದಿನಕ್ಕೆ ರಸ್ಕಿನಂತಾದವು. ಎಲ್ಲಿ ತಪ್ಪಿದೆ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಎರಡು ತಪ್ಪುಗಳೂ ಒಳ್ಳೆಯ ಅಭ್ಯಾಸದಿಂದಲೇ ಬಂದಿರುವಂಥವು. ಕಡ್ಡಿ ಒಣಗಿ ಬರಬೇಕೆಂಬುದು ಕೇಕಿನ ಲೆಕ್ಕ. ಬ್ರೌನಿಯಲ್ಲಿ ಹಿಟ್ಟಿಗಿಂತ ಬೆಣ್ಣೆ, ಸಕ್ಕರೆ, ಚಾಕೊಲೇಟುಗಳೇ ಹೆಚ್ಚಾಗಿರುವುದರಿಂದ ಕಡ್ಡಿಗೆ ಒದ್ದೆ ಪುಡಿ ಅಂಟಿಕೊಂಡು ಬರುವಾಗಲೇ ಅದನ್ನು ಹೊರತೆಗೆಯಬೇಕು. ನೀರಾದ ಹಿಟ್ಟು ಬಂದರೆ ಮಾತ್ರ ಇನ್ನೂ ಮೂರು ನಾಲ್ಕು ನಿಮಿಷ ಬಿಡಿ. ತಟ್ಟೆಯಲ್ಲಿ ಉಳಿದ ಬಿಸಿಯೇ ಮಿಕ್ಕ ಕೆಲಸವನ್ನು ಮುಗಿಸುತ್ತದೆ.

ಎರಡನೆಯದು ಕತ್ತರಿಸುವ ಹೊತ್ತು. ಮೈಸೂರು ಪಾಕನ್ನು ತಟ್ಟೆಗೆ ಸುರಿದು, ಬಿಸಿ ಆರುವ ಮುನ್ನವೇ ಗೆರೆ ಹಾಕುವುದು ನಮ್ಮ ಕೈಗಳಿಗೆ ರೂಢಿಯಾಗಿಬಿಟ್ಟಿದೆ, ಏಕೆಂದರೆ ಅಲ್ಲಿ ಪಾಕ ಆರಿದಂತೆಲ್ಲ ಗಟ್ಟಿಯಾಗಿ ಚಾಕುವಿಗೆ ಜಗ್ಗದೆ ಒಡೆಯುತ್ತದೆ. ಬ್ರೌನಿಯದು ಇದಕ್ಕೆ ತದ್ವಿರುದ್ಧ. ಬಿಸಿಯಲ್ಲಿ ಕರಗಿರುವ ಬೆಣ್ಣೆಯೂ ಚಾಕೊಲೇಟೂ ತಣಿದು ಗಟ್ಟಿಯಾದ ಮೇಲೆಯೇ ತುಂಡಿಗೆ ಬಿಗಿ ಬರುತ್ತದೆ. ತಟ್ಟೆಗೆ ಬೆಣ್ಣೆ ಕಾಗದವನ್ನು ಎರಡು ಬದಿಯೂ ಹೊರಚಾಚುವಂತೆ ಹಾಸಿರಿ. ಪೂರ್ತಿ ಆರಿದ ಮೇಲೆ ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟು, ಕಾಗದದ ಅಂಚು ಹಿಡಿದು ಎತ್ತಿ ಮಣೆಯ ಮೇಲಿರಿಸಿ, ಬಿಸಿನೀರಿನಲ್ಲಿ ಅದ್ದಿ ಒರೆಸಿದ ಉದ್ದನೆಯ ಚಾಕುವಿನಿಂದ ಕತ್ತರಿಸಿರಿ. ಪ್ರತಿ ಸಲವೂ ಚಾಕುವನ್ನು ಒರೆಸಿದರೆ ಬದಿಗಳು ನುಣುಪಾಗಿ ಬರುತ್ತವೆ.

ಅಳತೆಯನ್ನೂ ಹೇಳಿಬಿಡುತ್ತೇನೆ. 8 ಅಂಗುಲದ ಚೌಕ ತಟ್ಟೆಗೆ 115 ಗ್ರಾಂ ಬೆಣ್ಣೆ, 115 ಗ್ರಾಂ ಡಾರ್ಕ್ ಚಾಕೊಲೇಟ್, 200 ಗ್ರಾಂ ಸಕ್ಕರೆ, 2 ಮೊಟ್ಟೆ, 65 ಗ್ರಾಂ ಮೈದಾ, 2 ದೊಡ್ಡ ಚಮಚ ಕೋಕೋ ಪುಡಿ ಸಾಕು. ಬೇಕಿಂಗ್ ಪೌಡರ್ ಬೇಡವೇ ಬೇಡ. ಬೆಣ್ಣೆ ಉಪ್ಪಿನದಾಗಿದ್ದರೆ ಬೇರೆ ಉಪ್ಪು ಹಾಕಬೇಡಿ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಕಾಂಪೌಂಡ್ ಚಾಕೊಲೇಟ್ ಗಟ್ಟಿಯಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬಿರುತ್ತದೆ, ತಿಂದ ಮೇಲೆ ಅಂಗುಳಿಗೆ ಮೇಣದಂತೆ ಹತ್ತುತ್ತದೆ. ಇಷ್ಟು ಶ್ರಮಪಟ್ಟು ಅದನ್ನು ಬಳಸುವುದು ನನಗಂತೂ ಒಪ್ಪಿಗೆಯಿಲ್ಲ. ಬೆಣ್ಣೆ, ಚಾಕೊಲೇಟುಗಳನ್ನು ಬಿಸಿನೀರಿನ ಪಾತ್ರೆಯ ಮೇಲೆ ಕರಗಿಸಿಕೊಳ್ಳಿ. ಸಕ್ಕರೆಯನ್ನು ಪುಡಿ ಮಾಡಿ ಮೊಟ್ಟೆಯೊಂದಿಗೆ ನಾಲ್ಕೈದು ನಿಮಿಷ ಚೆನ್ನಾಗಿ ಕಡೆದರೆ ಅದು ಕರಗಿ, ಬೆಂದಾಗ ಮೇಲ್ಭಾಗದಲ್ಲಿ ಹಪ್ಪಳದಷ್ಟು ತೆಳ್ಳಗಿನ, ಬಿರುಕುಬಿಟ್ಟ ಹೊಳಪಿನ ಪದರ ಏಳುತ್ತದೆ. ಮೈದಾ ಹಾಕಿದ ಮೇಲೆ ಮಾತ್ರ ಬಿಳಿ ಕಾಣದಷ್ಟೇ ಕಲಸಿ ನಿಲ್ಲಿಸಿರಿ. 175 ಡಿಗ್ರಿ ಸೆಲ್ಸಿಯಸ್‌ನಲ್ಲಿ 22ನೇ ನಿಮಿಷಕ್ಕೆ ಮೊದಲ ಸಲ ಕಡ್ಡಿ ಚುಚ್ಚಿ ನೋಡಿ. ಗಾಜಿನ ತಟ್ಟೆಯಾದರೆ ಶಾಖವನ್ನು 15 ಡಿಗ್ರಿಯಷ್ಟು ತಗ್ಗಿಸುವುದು ಮೇಲು, ಇಲ್ಲವಾದರೆ ಅಂಚು ಮತ್ತೆ ರಸ್ಕೇ.

ಪ್ರಶ್ನೆ: ನಮ್ಮ ಮನೆಗೆ ಮೊಟ್ಟೆ ತರುವುದಿಲ್ಲ. ಹೆಚ್ಚು ಕೆಲಸವಿಲ್ಲದೆ ಮಾಡಬಹುದಾದ, ಬರ್ಫಿಯಂತೆ ಕತ್ತರಿಸಿ ಹಂಚಬಹುದಾದ ಬೇರೊಂದು ತಿನಿಸನ್ನು ತಿಳಿಸುವಿರಾ?
— ಓದುಗರೊಬ್ಬರು, ಉಡುಪಿ

ಉತ್ತರ: ಅಮೆರಿಕದ ಮನೆಗಳಲ್ಲಿ ಮ್ಯಾಜಿಕ್ ಬಾರ್ ಎಂದು ಕರೆಯುವ ತಿನಿಸು ನಿಮಗೆ ಹೇಳಿ ಮಾಡಿಸಿದಂತಿದೆ, ಅದರಲ್ಲಿ ಮೊಟ್ಟೆಯೂ ಇಲ್ಲ, ಕಲಸುವ ಕೆಲಸವೂ ಇಲ್ಲ. ಎಲ್ಲವನ್ನೂ ಹಿಡಿದಿಡುವುದು ಕಂಡೆನ್ಸ್ಡ್ ಹಾಲು, ಅಂದರೆ ಡಬ್ಬಿಯಲ್ಲಿ ಸಿಗುವ ಸಿಹಿಯಾದ ಗಟ್ಟಿ ಹಾಲು. ಗೇಲ್ ಬೋರ್ಡನ್ ಎಂಬಾತ 1856ರಲ್ಲಿ ಪೇಟೆಂಟ್ ಪಡೆದದ್ದು ಹಾಲು ಕೆಡದಂತೆ ಉಳಿಸುವ ಉಪಾಯಕ್ಕೆ, ಆದರೆ ಮುಂದೆ ಅದರಿಂದ ಹೆಚ್ಚು ಲಾಭವಾದದ್ದು ಸಿಹಿ ಮಾಡುವವರಿಗೇ ಇರಬೇಕು. 200 ಗ್ರಾಂ ಮಾರಿ ಬಿಸ್ಕತ್ತನ್ನು ಪುಡಿ ಮಾಡಿ, ಕರಗಿಸಿದ 100 ಗ್ರಾಂ ಬೆಣ್ಣೆಯಲ್ಲಿ ಕಲೆಸಿ, ಚಪ್ಪಟೆ ತಳದ ಬಟ್ಟಲಿನಿಂದ ತಟ್ಟೆಗೆ ಒತ್ತಿರಿ. ಅದರ ಮೇಲೆ ಚಾಕೊಲೇಟ್ ಚೂರು, ಗೋಡಂಬಿ ತಲಾ 100 ಗ್ರಾಂ ಮತ್ತು ಒಂದು ಬಟ್ಟಲು ಕೊಬ್ಬರಿ ತುರಿ ಹರಡಿ, 400 ಗ್ರಾಂ ಡಬ್ಬಿಯ ಹಾಲನ್ನು ಎಲ್ಲೆಡೆಗೂ ತಲುಪುವಂತೆ ಸುರಿಯಿರಿ. 175 ಡಿಗ್ರಿಯಲ್ಲಿ 25ರಿಂದ 30 ನಿಮಿಷ ಬೇಯಿಸಿದರೆ ಅಂಚು ಕೆಂಪಗಾಗುತ್ತದೆ. ಹಸಿ ತೆಂಗಿನ ತುರಿಯನ್ನು ಹಾಕಲೇಬೇಡಿ: ಅದರ ನೀರು ಇಳಿದು ಬಿಸ್ಕತ್ತಿನ ತಳ ಮೆತ್ತಗಾಗುವುದಲ್ಲದೆ, ತಿನಿಸು ಬೇಗ ಹಳಸುತ್ತದೆ. ತಿಪಟೂರಿನ ಒಣಕೊಬ್ಬರಿ ಮನೆಯಲ್ಲಿದ್ದರೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಕತ್ತರಿಸುವುದಕ್ಕೆ ಮೇಲೆ ಬ್ರೌನಿಗೆ ಹೇಳಿದ ಕ್ರಮವೇ.

ಪ್ರಶ್ನೆ: ಓವನ್ ಇಲ್ಲದವರು ಇವನ್ನು ಮಾಡಬಹುದೇ?
— ಓದುಗರೊಬ್ಬರು, ಹಾವೇರಿ

ಉತ್ತರ: ಬ್ರೌನಿಯನ್ನು ಮಾಡಬಹುದು. ದಪ್ಪ ತಳದ ಬಾಣಲೆಯಲ್ಲಿ ಸ್ಟ್ಯಾಂಡ್ ಇಟ್ಟು, ಮುಚ್ಚಿ, ಹತ್ತು ನಿಮಿಷ ಕಾಯಿಸಿದ ಮೇಲೆ ತಟ್ಟೆಯನ್ನು ಇಳಿಸಿ ಸಣ್ಣ ಉರಿಯಲ್ಲಿ ಬೇಯಿಸಿರಿ. ಒಲೆಯಿಂದ ಒಲೆಗೆ ಹೊತ್ತು ಬದಲಾಗುವುದರಿಂದ ಗಡಿಯಾರಕ್ಕಿಂತ ಕಡ್ಡಿಯನ್ನೇ ನಂಬಬೇಕು. ಶಾಖವೆಲ್ಲ ಕೆಳಗಿನಿಂದಲೇ ಬರುವ ಕಾರಣ ಮೇಲಿನ ಹೊಳಪಿನ ಪದರ ಅಷ್ಟಾಗಿ ಏಳುವುದಿಲ್ಲ. ಮ್ಯಾಜಿಕ್ ಬಾರ್ ಮಾತ್ರ ಬಾಣಲೆಯಲ್ಲಿ ಒಗ್ಗದು, ಮೇಲಿನ ಹಾಲು ಕೆಂಪಾಗುವಷ್ಟರಲ್ಲಿ ತಳದ ಬಿಸ್ಕತ್ತು ಸೀದುಹೋಗಿರುತ್ತದೆ.