ನಿಮ್ಮ ಚೆಕಾಫ್ ಲೇಖನದ ಬಗ್ಗೆ ನಾಲ್ಕು ಮಾತು

ಪ್ರಿಯ ಬರಹಗಾರರೇ,

ರಷ್ಯಾದ ಕಥೆಗಾರ ಆಂಟನ್ ಚೆಕಾಫ್‌ನ ಬದುಕು, ಬರಹದ ಬಗ್ಗೆ ನೀವು ಕಳಿಸಿದ ಹನ್ನೆರಡು ಪುಟಗಳ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಓದಿ ಬೇಜಾರಾಗುತ್ತದೆ, ಗೊತ್ತು. ಆದರೆ ‘ಸ್ಥಳಾವಕಾಶದ ಕೊರತೆ’ ಎಂದು ಒಂದು ಸಾಲು ಗೀಚಿ ಕೈತೊಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಚೆಕಾಫ್ ಎಂದರೆ ನಿಮಗೆ ನಿಜಕ್ಕೂ ಪ್ರೀತಿ ಇದೆ.

ತೊಡಕಿರುವುದು ಆ ಪ್ರೀತಿಯನ್ನು ಹೇಳುವ ರೀತಿಯಲ್ಲಿ. ಮೊದಲ ಪುಟದಲ್ಲೇ ಅವನು ‘ಕಥಾಲೋಕದ ಸಾಮ್ರಾಟ’, ಎರಡನೆಯದರಲ್ಲಿ ‘ಮಾನವೀಯತೆಯ ಮೇರುಪರ್ವತ’. ಈ ಶಾಲು, ಪೇಟವನ್ನು ಯಾವ ಲೇಖಕನಿಗೆ ಬೇಕಾದರೂ ಹಾಕಬಹುದು, ಅಲ್ವಾ? ಆಮೇಲೆ ಇಸವಿಗಳು ಸಾಲುಗಟ್ಟುತ್ತವೆ. 1860ರಲ್ಲಿ ತಗನ್‌ರೋಗ್‌ನಲ್ಲಿ ಹುಟ್ಟು, 1884ರಲ್ಲಿ ಡಾಕ್ಟರ್, 1888ರಲ್ಲಿ ಪುಷ್ಕಿನ್ ಪ್ರಶಸ್ತಿ, 1904ರಲ್ಲಿ ಸಾವು. ಯಾವುದೂ ತಪ್ಪಲ್ಲ. ಆದರೆ ಇಷ್ಟರಲ್ಲಿ ಮನುಷ್ಯ ನನಗೆ ಸಿಗಲಿಲ್ಲ.

ಒಂದು ಕಡೆ ಮಾತ್ರ ನೆಟ್ಟಗೆ ಕೂತು ಓದಿದೆ. ಅಪ್ಪನ ದಿನಸಿ ಅಂಗಡಿ ದಿವಾಳಿಯಾಗಿ ಮನೆಯವರು ಮಾಸ್ಕೋ ಸೇರಿದ ಮೇಲೆ, ಹದಿನಾರರ ಹುಡುಗ ಊರಲ್ಲೇ ಉಳಿದು, ಮನೆಪಾಠ ಹೇಳಿ ಓದು ಮುಗಿಸಿದ ಪ್ಯಾರಾ ಅದು. ಅಲ್ಲಿ ನೀವು ಅವನನ್ನು ಹೊಗಳಲು ಹೋಗಿಲ್ಲ. ಅದನ್ನು ಮುಟ್ಟಬೇಡಿ.

ಒಂದು ವಿಷಯ ಮಾತ್ರ ತಿದ್ದಲೇಬೇಕು. ಸಾಹಿತ್ಯಕ್ಕಾಗಿ ಅವನು ‘ವೈದ್ಯವೃತ್ತಿಗೆ ತಿಲಾಂಜಲಿ ಇಟ್ಟ’ ಎಂದಿದ್ದೀರಿ. ಹಾಗಲ್ಲ. 1892ರಲ್ಲಿ ಕಾಲರಾ ಭಯ ಹಬ್ಬಿದಾಗ, ಅಷ್ಟು ಹೆಸರು ಮಾಡಿದ್ದವನು, ತಾನಿದ್ದ ಮೆಲಿಖೊವೊ ಎಂಬ ಹಳ್ಳಿಯ ಸುತ್ತಲಿನ 25 ಹಳ್ಳಿಗಳನ್ನು ಸಂಬಳವಿಲ್ಲದೆ ನೋಡಿಕೊಂಡ. ಆ ಡಾಕ್ಟರನ್ನು ಪಕ್ಕಕ್ಕಿಟ್ಟರೆ ಕಥೆಗಾರನೂ ಅರ್ಧವೇ ಉಳಿಯುತ್ತಾನೆ.

ಇನ್ನು ರಷ್ಯಾದ ಪೂರ್ವ ತುದಿಯ ಸಖಾಲಿನ್ ದ್ವೀಪಕ್ಕೆ ಅವನು ಹೋಗಿದ್ದು. ನನಗೆ ತುಂಬಾ ಬೇಸರವಾಗಿದ್ದು ಇಲ್ಲೇ. ಅದಕ್ಕೆ ನೀವು ಕೊಟ್ಟಿರುವುದು ಒಂದೂವರೆ ಸಾಲು! 1890ರಲ್ಲಿ ಸೈಬೀರಿಯಾ ದಾಟುವ ರೈಲು ಇರಲಿಲ್ಲ. ಅವನಿಗೆ ಆಗಲೇ ಕೆಮ್ಮಿದರೆ ರಕ್ತ ಬರುತ್ತಿತ್ತು. ಆದರೂ ಕುದುರೆಗಾಡಿ, ದೋಣಿ, ಹಡಗು ಅಂತ ಎರಡೂವರೆ ತಿಂಗಳಿಗೂ ಜಾಸ್ತಿ ಪಯಣಿಸಿ, ಕೈದಿಗಳನ್ನು ಗಡೀಪಾರು ಮಾಡುತ್ತಿದ್ದ ಆ ದ್ವೀಪ ಮುಟ್ಟಿದ. ಚಿಕ್ಕ ಚೀಟಿಗಳನ್ನು ಅಚ್ಚು ಹಾಕಿಸಿಕೊಂಡು ಗುಡಿಸಲು ಗುಡಿಸಲಿಗೆ ಹೋಗಿ ಹೆಸರು, ವಯಸ್ಸು, ಊರು, ಓದು ಬರುತ್ತದೆಯೇ ಎಂದು ಕೇಳಿ ತುಂಬಿದ. ಮೂರು ತಿಂಗಳಲ್ಲಿ ಸುಮಾರು 10,000 ಚೀಟಿ.

ಒಂದು ಮನೆಯಲ್ಲಿ ಹತ್ತು ವರ್ಷದ ಹುಡುಗನೊಬ್ಬನೇ ಇದ್ದ. ಬರಿಗಾಲು. ಅಪ್ಪನ ಹೆಸರೇನು ಎಂದು ಚೆಕಾಫ್ ಕೇಳಿದರೆ, ಗೊತ್ತಿಲ್ಲ ಎಂದ. ಮನೆಯಲ್ಲಿರುವವನು ಅಮ್ಮ ಇಟ್ಟುಕೊಂಡವನು, ಸ್ವಂತ ಅಪ್ಪನಲ್ಲ. ಅಮ್ಮ ವಿಧವೆ, ಗಂಡನ ದೆಸೆಯಿಂದ ಇಲ್ಲಿಗೆ ಬಂದಳು ಎಂದ. ಗಂಡನ ದೆಸೆಯಿಂದ ಅಂದರೆ? ಅವನನ್ನು ಕೊಂದಳು, ಅಷ್ಟೆ. ‘ಸಖಾಲಿನ್ ದ್ವೀಪ’ ಪುಸ್ತಕದಲ್ಲಿ ಇದನ್ನು ಬರೀ ಪ್ರಶ್ನೆ, ಉತ್ತರವಾಗಿ ಕೊಟ್ಟಿದ್ದಾನೆ. ನಿಮ್ಮ ಲೇಖನದಲ್ಲಿ ‘ಹೃದಯವಿದ್ರಾವಕ’ ಎಂಬ ಪದ ಏಳು ಸಲ ಬಂದಿದೆ. ಈ ಹುಡುಗನನ್ನು ಇಟ್ಟುಕೊಂಡು ನೋಡಿ, ಆ ಪದ ಎಲ್ಲಿ ಬೇಕಾಗುತ್ತದೆ?

ವಾಪಸ್ ಬರುವಾಗ ಅವನ ಹಡಗಿನಲ್ಲಿ ಸತ್ತವರನ್ನು ಬಟ್ಟೆಯಲ್ಲಿ ಸುತ್ತಿ ಸಮುದ್ರಕ್ಕೆ ಇಳಿಸಿದರು. ಅದೇ ವರ್ಷ ಬರೆದ ‘ಗೂಸೆವ್’ ಕಥೆ ಹುಟ್ಟಿದ್ದು ಅಲ್ಲಿಂದ. ನೀವು ಆ ಕಥೆಯನ್ನು ಒಂಬತ್ತನೇ ಪುಟದಲ್ಲಿ ಮೆಚ್ಚಿದ್ದೀರಿ, ಆದರೆ ಈ ಪಯಣಕ್ಕೆ ಜೋಡಿಸಿಲ್ಲ.

ಇಡೀ ಬದುಕು ಬೇಡ. ಆ ಒಂದು ವರ್ಷ ಬರೆಯಿರಿ. ಪುಸ್ತಕ ಮತ್ತೆ ಓದಿ, ಚೀಟಿಗಳ ಮೇಲೆ ಏನು ಬರೆದಿದ್ದ ನೋಡಿ, ಆಮೇಲೆ ಕೂತುಕೊಳ್ಳಿ. ಆರು ಪುಟ ಸಾಕು. ಅವಸರವಿಲ್ಲ, ಎರಡು ತಿಂಗಳಾದರೂ ಪರವಾಗಿಲ್ಲ. ಲಕೋಟೆಯ ಮೇಲೆ ‘ಸಖಾಲಿನ್’ ಎಂದು ಬರೆದು ಕಳಿಸಿ, ನಾನೇ ಒಡೆದು ಓದುತ್ತೇನೆ.

ಪ್ರೀತಿಯಿಂದ,
ಸಂಪಾದಕ