ಅತ್ತೆ, ಮತ್ತೆ, ಕಿತ್ತೆ: ಜಪಾನಿ ಕ್ರಿಯಾಪದ ತಲೆಗೆ ಹತ್ತುವುದು ಹೇಗೆ?

ಪ್ರಶ್ನೆ: ಸರ್, ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾ ಜಪಾನಿ ಕಲಿಯುತ್ತಿದ್ದೇನೆ. ಡಿಸೆಂಬರ್‌ನಲ್ಲಿ ಜೆಎಲ್‌ಪಿಟಿ ಎನ್5 (ಜಪಾನಿ ಭಾಷಾ ಸಾಮರ್ಥ್ಯದ ಮೊದಲ ಹಂತದ) ಪರೀಕ್ಷೆ ಇದೆ. ಕ್ರಿಯಾಪದದ ಮರ್ಯಾದೆಯ 'ಮಸು' ರೂಪದವರೆಗೆ ಎಲ್ಲಾ ಚೆನ್ನಾಗಿತ್ತು. 'ತೆ' ರೂಪ ಶುರುವಾದ ಮೇಲೆ ತಲೆ ಕೆಟ್ಟಿದೆ. ಕ್ರಿಯಾಪದಗಳ ಮೂರು ಗುಂಪಿನ ಪಟ್ಟಿಯನ್ನು ಗೋಡೆಗೆ ಅಂಟಿಸಿ ಬಾಯಿಪಾಠ ಮಾಡಿದ್ದೇನೆ. ಆದರೆ ಮಾತಾಡಲು ಹೋದರೆ ಒಂದೂ ನೆನಪಿಗೆ ಬರುವುದಿಲ್ಲ. ಏನು ಮಾಡಲಿ?
– ಒಬ್ಬ ಓದುಗರು

ಉತ್ತರ: ಮೊದಲು ಆ ಪಟ್ಟಿಯನ್ನು ಗೋಡೆಯಿಂದ ಕಿತ್ತುಹಾಕಿ. ಅಂಥ ಪಟ್ಟಿಗಳನ್ನು ಹೆಚ್ಚಾಗಿ ಇಂಗ್ಲಿಷ್ ಮೂಲಕ ಕಲಿಯುವವರಿಗೆ ಮಾಡಿರುತ್ತಾರೆ. ಅವರಿಗೆ ಕಾಗುಣಿತ ಗೊತ್ತಿಲ್ಲ ಪಾಪ. ನಿಮಗೆ ಗೊತ್ತಿದೆ ಅಲ್ವಾ?

'ಕಕು' ಅಂದರೆ ಬರೆ. ಈಗ ಜೋರಾಗಿ ಓದಿ. ಕಕನೈ (ಬರೆಯುವುದಿಲ್ಲ), ಕಕಿಮಸು (ಬರೆಯುತ್ತೇನೆ), ಕಕು, ಕಕೆಬ (ಬರೆದರೆ), ಕಕೋ (ಬರೆಯೋಣ). ಕೊನೆಯ ಅಕ್ಷರ ಮಾತ್ರ ನೋಡಿ: ಕ, ಕಿ, ಕು, ಕೆ, ಕೋ. ಒಂದನೇ ಗುಂಪಿನ ಗುಟ್ಟು ಇಷ್ಟೇ. ಅದರ ಹೆಸರು 'ಗೊದನ್', ಅಂದರೆ ಐದು ಮೆಟ್ಟಿಲು. 'ಯೊಮು' (ಓದು) ತಗೊಂಡರೆ ಮ, ಮಿ, ಮು, ಮೆ, ಮೋ. ಜಪಾನಿ ಅಕ್ಷರಮಾಲೆಯ ಈ ಜೋಡಣೆಯ ಹಿಂದೆ ಸಂಸ್ಕೃತದ ಅಕ್ಷರ ಕಲಿತ ಬೌದ್ಧ ಸನ್ಯಾಸಿಗಳ ಪ್ರಭಾವ ಇದೆ. ನಮಗೆ ಅದು ಪರಿಚಿತ ಅನ್ನಿಸುವುದು ಸುಮ್ನೆ ಅಲ್ಲ.

ಎರಡನೇ ಗುಂಪಿನಲ್ಲಿ ಮೆಟ್ಟಿಲೇ ಇಲ್ಲ. 'ತಬೆರು' (ತಿನ್ನು) ಪದದ 'ರು' ಕಿತ್ತು ಬೇಕಾದ್ದನ್ನು ಅಂಟಿಸಿದರೆ ಆಯಿತು: ತಬೆನೈ, ತಬೆಮಸು, ತಬೆತೆ. ಮೂರನೇ ಗುಂಪು ಹಳಿ ತಪ್ಪುವ ಪದಗಳದ್ದು. ಅದರಲ್ಲಿ ದೊಡ್ಡವು ಎರಡೇ, 'ಸುರು' (ಮಾಡು) ಮತ್ತು 'ಕುರು' (ಬಾ). ಅವನ್ನು ದಿನಾ ಬಳಸುತ್ತೀರಿ, ತಾವಾಗಿಯೇ ಕೂರುತ್ತವೆ.

ಈಗ ನಿಮ್ಮ ತಲೆನೋವಿಗೆ ಬರೋಣ. 'ತೆ' ರೂಪ ನಮ್ಮ 'ತಿಂದು', 'ಬಂದು', 'ಕೊಟ್ಟು' ಇದ್ದ ಹಾಗೆ. ಕನ್ನಡದಲ್ಲಿ ನೋಡು ನೋಡಿ ಆಗುತ್ತದೆ, ಆದರೆ ಕೊಡು ಕೊಟ್ಟು ಆಗುತ್ತದೆ, ಬರು ಬಂದು ಆಗುತ್ತದೆ. ಈ ನಿಯಮ ನಿಮಗೆ ಯಾರಾದರೂ ಹೇಳಿಕೊಟ್ಟರಾ? ಕೇಳಿ ಕೇಳಿ ಬಂತು. ಇದೂ ಹಾಗೇ ಬರಬೇಕು. ಅಲ್ಲಿಯವರೆಗೆ ಒಂದು ಊರುಗೋಲು ಕೊಡುತ್ತೇನೆ: ಅತ್ತೆ, ಮತ್ತೆ, ಕಿತ್ತೆ. ಅಉ (ಭೇಟಿಯಾಗು) ಅತ್ತೆ ಆಗುತ್ತದೆ, ಮತ್ಸು (ಕಾಯು) ಮತ್ತೆ ಆಗುತ್ತದೆ, ಕಿರು (ಕತ್ತರಿಸು) ಕಿತ್ತೆ ಆಗುತ್ತದೆ. ಅಂದರೆ ಒಂದನೇ ಗುಂಪಿನ ಪದ ಉ, ತ್ಸು, ರು ಯಾವುದರಲ್ಲಿ ಮುಗಿದರೂ 'ತ್ತೆ'. ಮು, ಬು, ನು ಬಂದರೆ 'ಂದೆ'. ನೊಮು (ಕುಡಿ) 'ನೊಂದೆ' ಆಗುತ್ತದೆ. ಕುಡಿದು ನೊಂದೆ ಅಂತ ನೆನಪಿಟ್ಟುಕೊಳ್ಳಿ! ಉಳಿದದ್ದು ಚಿಲ್ಲರೆ: ಕಕು ಕೈತೆ, ನುಗು (ಬಟ್ಟೆ ಬಿಚ್ಚು) ನುಯ್ದೆ, ಹನಸು (ಮಾತಾಡು) ಹನಶಿತೆ. 'ಇಕು' (ಹೋಗು) ಒಂದು ಮಾತ್ರ ಕೈತೆಯ ದಾರಿ ಬಿಟ್ಟು 'ಇತ್ತೆ' ಆಗುತ್ತದೆ.

ಒತ್ತಕ್ಷರದ ಬಗ್ಗೆ ಹುಷಾರು. ಎರಡನೇ ಗುಂಪಿನಲ್ಲೂ ಒಂದು 'ಕಿರು' ಇದೆ, ಅದಕ್ಕೆ ಬಟ್ಟೆ ಹಾಕಿಕೊಳ್ಳು ಎಂಬ ಅರ್ಥ. ಅದರ ರೂಪ 'ಕಿತೆ'. ಕಲಿಯುವ ಕಾಲದಲ್ಲಿ ನಾನು ಒಬ್ಬರಿಗೆ ಕೋಟು ಹಾಕಿಕೊಳ್ಳಿ ಅನ್ನಲು ಹೋಗಿ 'ಕಿತ್ತೆ ಕುದಸೈ' ಅಂದಿದ್ದೆ ('ಕುದಸೈ' ಅಂದರೆ ದಯವಿಟ್ಟು). ಕೋಟು ಕತ್ತರಿಸಿ ಅಂತ ಅರ್ಥ! ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದೆ, ಅದಕ್ಕೇ ಕಣ್ಣು ತಪ್ಪಿತು. ಹಿರಗನ (ಜಪಾನಿ ಲಿಪಿ) ಕೈಗೆ ಹತ್ತುವವರೆಗೆ ಕನ್ನಡದಲ್ಲೇ ಬರೆದುಕೊಳ್ಳಿ. ಕಿತೆ, ಕಿತ್ತೆ ಬೇರೆ ಬೇರೆಯಾಗಿ ಕಾಣುತ್ತವೆ.

'ತೆ' ಕೈಗೆ ಬಂದರೆ ಮುಂದಿನ ದಾರಿ ನಮ್ಮ ಮನೆ ಅಂಗಳ. 'ತಬೆತೆ ಮಿರು' ಅಂದರೆ ತಿಂದು ನೋಡು. 'ಮಿರು'ವಿನ ಅರ್ಥವೇ ನೋಡು. 'ಮೊತ್ತೆ ಕುರು' ಅಂದರೆ ತಗೊಂಡು ಬಾ. 'ಕತ್ತೆ ಒಕು' ಅಂದರೆ ಕೊಂಡು ಇಡು (ಕತ್ತೆ ಅಂದರೆ ಕೊಂಡು, ನಗಬೇಡಿ). 'ಒಶಿಯೆತೆ ಕುರೆರು' ಅಂದರೆ ನನಗೆ ಹೇಳಿಕೊಡು. ಇದನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿ ಮತ್ತೆ ಕನ್ನಡಕ್ಕೆ ತರುವುದು ಮೈಸೂರಿಗೆ ಹೋಗಲು ಹುಬ್ಬಳ್ಳಿ ಸುತ್ತಿದ ಹಾಗೆ. 'ಕೆಕ್ಕೊನ್ ಶಿತೆ ಇರು' ಎಂಬಲ್ಲಿ ಇಂಗ್ಲಿಷ್ ಮೂಲಕ ಬಂದವರು ಮದುವೆ ಆಗುತ್ತಿದೆ ಅಂದುಕೊಂಡು ಎಡವುತ್ತಾರೆ. ಮದುವೆ ಆಗಿದೆ ಅಂತ ಅರ್ಥ. 'ಆಗಿ', 'ಇದೆ' ಎರಡೂ ಅಲ್ಲೇ ಇವೆ ನೋಡಿ. ಆದರೆ 'ತಬೆತೆ ಇರು' ಮಾತ್ರ ಸಾಮಾನ್ಯವಾಗಿ 'ತಿನ್ನುತ್ತಿದ್ದಾನೆ'. ಒಂದೇ ರೂಪ ಎರಡೂ ಕೆಲಸ ಮಾಡುತ್ತದೆ.

ಕನ್ನಡ ದಾರಿ ತಪ್ಪಿಸುವ ಜಾಗವೂ ಒಂದಿದೆ. ನಾವು ಬಂದ, ಬಂದಳು, ಬಂದರು ಅನ್ನುತ್ತೇವೆ. ಜಪಾನಿಯಲ್ಲಿ ಯಾರು ಬಂದರೂ 'ಕಿತ' ಇಲ್ಲವೇ 'ಕಿಮಶಿತ'. ಇಷ್ಟು ಸಲೀಸಾದ್ದನ್ನು ಕಷ್ಟ ಅನ್ನುತ್ತಾರಲ್ಲ ಅನ್ನಿಸುತ್ತದೆ ನನಗೆ! ನಮ್ಮ 'ಬಂದರು' ಬಂದವರಿಗೆ ಕೊಡುವ ಮರ್ಯಾದೆ. 'ಮಸು' ಹಾಗಲ್ಲ, ಅದು ಕೇಳುತ್ತಿರುವವರಿಗೆ ಕೊಡುವ ಮರ್ಯಾದೆ. ಬೆಕ್ಕು ಬಂತು ಎಂದು ಮೇಲಧಿಕಾರಿಗೆ ಹೇಳುವಾಗಲೂ 'ನೆಕೊ ಗ ಕಿಮಶಿತ' ಅನ್ನಬೇಕು.

ನಿಮಗೆ 'ಮಸು' ಮೊದಲು ಕಲಿಸಿದ್ದರಿಂದ ಗುಂಪು ಗುರುತಿಸುವುದು ಕಷ್ಟವಾಗಿರಬಹುದು. 'ಮಸು'ವಿನ ಹಿಂದೆ ಎ ಸ್ವರ ಇದ್ದರೆ, ತಬೆಮಸು ಥರ, ಕಣ್ಣು ಮುಚ್ಚಿ ಎರಡನೇ ಗುಂಪು ಅನ್ನಿ. ಇ ಸ್ವರ ಇದ್ದರೆ ಹೆಚ್ಚಾಗಿ ಒಂದನೇ ಗುಂಪು. ಮಿಮಸು (ನೋಡು), ಒಕಿಮಸು (ಏಳು), ಕರಿಮಸು (ಸಾಲ ತಗೊ) ಅಂಥ ಕೆಲವು ಕಳ್ಳರು ಮಾತ್ರ ಎರಡನೆಯದರಲ್ಲಿ ಇದ್ದಾರೆ. ಇನ್ನು ಮುಂದೆ ಹೊಸ ಪದ ಬಂದಾಗ ನಿಘಂಟಿನ ರೂಪ, 'ತೆ' ರೂಪ ಎರಡನ್ನೂ ಜೊತೆಯಾಗಿಯೇ ಬರೆದುಕೊಳ್ಳಿ: ನೊಮು, ನೊಂದೆ. ಮತ್ಸು, ಮತ್ತೆ. ದಿನಕ್ಕೆ ಐದು ಪದ ಸಾಕು. ಪ್ರತಿಯೊಂದಕ್ಕೂ 'ಮಿರು' ಅಥವಾ 'ಕುದಸೈ' ಸೇರಿಸಿ, ಬಸ್ಸಿನಲ್ಲಿ ಕೂತಾಗ ಬಾಯಿಬಿಟ್ಟು ಹೇಳಿ. ಪಕ್ಕದವರು ನೋಡಿದರೆ ನೋಡಲಿ.